ಸೊಂಟದ ಅಳತಿ

ಪೊದೇರನ ಸೈಕಲ್ಲಿನ ಹಾರ್ನು ಕೇಳಿ
ಬೈನಾದ ನಾಯಿ ಎದ್ದವು.
ಇವತ್ತು ಪಾವು ಮುಟ್ಟಂಗಿಲ್ಲ, ಚಾ ಇಲ್ಲ,
ರಾತ್ರಿ ಎಂಟರಿಂದ ಬಾಯಿಗೆ ಬರೇ ನೀರು.
ವಾಸ್ಕೋದಾಗ ಕದಂಬಾ ಬಸ್ಸು ಹತ್ತಿದೆ.
ನಮ್ಮ ಸಾಲಿ ಪುಸ್ತಕದಾಗಿನ ರಾಜರು
ಇಲ್ಲಿ ಟಿಕೀಟು ಹರದು ಕೊಡ್ತಾರ.
ಜುವಾರಿ ಸೇತುವಿ ದಾಟೂತನಕ
ಹೊಟ್ಟಿ ನನ್ನ ತೊಡಿ ಮ್ಯಾಲ ಕುಂತಿತ್ತು
ಟಿಕೀಟು ಇಲ್ಲದ ಕೂಸಿನಂಗ.

ಬಾಂಬೋಳಿ ದವಾಖಾನ್ಯಾಗ ನಾಕು ಸೀಸೆ ರಕ್ತ.
ಸಕ್ಕರಿಗೊಂದು, ಕೊಬ್ಬಿಗೊಂದು, ಲಿಥಿಯಮ್ಮಿಗೊಂದು.
ನಾಕನೇದು ಯಾತಕ್ಕ?
ಮೈಯೊಳಗ ಸಣ್ಣಂಗೆ ಬೆಂಕಿ ಹತ್ತಿರತದ, ಮಲ್ಕಾಜಿ,
ಅಂದ್ರು ಕುವೇಲ್ಕರ್ ಡಾಕ್ಟರ್ ಬಾಯಿ.
(ಮಲಕಾಜಪ್ಪ ಅನ್ನೂದು ಅವರ ನಾಲಿಗಿಗೆ ಉದ್ದ.)
ಜ್ವರ ಅಲ್ಲ, ಬಾವು ಅಲ್ಲ,
ಅದರ ಹೊಗಿ ಮಾತ್ರ ರಕ್ತದಾಗ ಸಿಗ್ತದ.

ತಿಳೀತು ಅಂದೆ.
ಅಂಗಡ್ಯಾಗ ಅಪ್ಪನ ಇಸ್ತ್ರಿ ಪೆಟಗಿ ಅದ, ಇದ್ದಲಿಂದು.
ಮುಂಜಾನಿ ಮುಚ್ಚಿಟ್ಟದ್ದು ಮಧ್ಯಾಹ್ನ ಸತ್ತಂಗ ಕಾಣ್ತದ.
ಗಿರಾಕಿ ಕೂಸು ಒಂದು ಕೈ ಇಟ್ಟು ಚೀರಿದಾಗ
ನನಗೂ ಹಂಗ ಗೊತ್ತಾಗಿದ್ದು.

ಹ್ವಾದ ವರ್ಷ ಶಿಗ್ಮೋ ಹೊತ್ತಿನ್ಯಾಗ
ಮೂರು ರಾತ್ರಿಗೆ ನಲವತ್ತೊಂದು ಜಂಪರು ಹೊಲದೆ.
ಕೇಳಿದ್ದವರು ಒಂಬತ್ತು ಮಂದಿ.
ಉಳಿದವು ಇನ್ನೂ ಹುಟ್ಟದ ಹೆಂಗಸರಿಗೆ,
ಅವರ ಭುಜದ ಅಳತಿ ಸೈತ ನನಗ ಗೊತ್ತಿತ್ತು.
ಮುಂದ ಮಳಿಗಾಲ.
ಮಿಷನ್ನಿಗೆ ಅರಿವಿ ಹೊಚ್ಚಿ ಗ್ವಾಡಿ ಕಡೆ ಮಕ ಮಾಡಿ ಮಲಗಿದೆ.
ಒಂದು ಗುಂಡಿ ಹಚ್ಚೂದು
ಘಟ್ಟ ಹತ್ತಿದಂಗ.

ಗುಳಿಗಿ ಬಂದವು. ನಿದ್ದಿ ಬಂತು. ಹಸಿವು ಬಂತು,
ಹಸಿವಿನ ಬೆನ್ನಿಗೆ ಹಸಿವು,
ರಾತ್ರಿ ಎರಡಕ್ಕ ತಣ್ಣನ ಅನ್ನ,
ಹಾಸಿಗಿ ತುಂಬ ಬಿಸ್ಕೀಟಿನ ಪುಡಿ.
ತಲಿ ಹಾದಿಗೆ ಬಂತು,
ಸೊಂಟ ಹಾದಿ ಬಿಡ್ತು.

ಬಾಯಿ ಟೇಪು ತಗದ್ರು. ಪ್ಲಾಸ್ಟಿಕ್ಕಿಂದು, ಅಂಚು ಸುರುಳಿ ಸುತ್ತಿದ್ದು.
ತೊಂಬತ್ತಾರು, ಅಂತ ಬರಕೊಂಡ್ರು.
ಇಪ್ಪತ್ತೆರಡು ವರ್ಷದ ಕಸುಬು, ಸುಮ್ಮನಿರಲಿಲ್ಲ.
ಬಾಯಿ, ನೀವು ಬಿಗಿ ಹಿಡದೀರಿ,
ನಾ ಉಸಿರು ಎಳಕೊಂಡೀನಿ.
ಗಿರಾಕಿಗಳ ಹಳೇ ಕಳ್ಳತನ ಇದು, ದಿನಾ ನೋಡ್ತೀನಿ.
ಉಸಿರು ಬಿಟ್ಟು, ಎರಡು ಬೆರಳು ಒಳಗಿಟ್ಟು,
ನಾನ ಅಳದೆ.
ನೂರಾ ಒಂದು.
ಅವರು ನಗಲಿಲ್ಲ. ಹೊಡದು ಹಾಕಿ ಬರದ್ರು.

ಯಾವುದು ಮೊದಲು, ಬಾಯಿ?
ಬೆಂಕಿ ಹತ್ತಿ ತಲಿ ಕೆಡ್ತೋ, ತಲಿ ಕೆಟ್ಟು ಬೆಂಕಿ ಬಿತ್ತೋ,
ಇಲ್ಲಾ ಈ ಗುಳಿಗಿನ ಕುಂತು ಊದ್ಯಾವೋ?
ಅವರು ಪೆನ್ನಿನ ಟೊಪ್ಪಿಗಿ ಹಾಕಿದ್ರು, ತಗದ್ರು.
ದಾರ ಗಂಟಾಗ್ಯಾದ, ಅಂದ್ರು,
ನಮಗೂ ಇನ್ನಾ ಪೂರಾ ಬಿಡಸಾಕ ಬಂದಿಲ್ಲ.
ಗುಳಿಗಿ ಬದಲಿ ಮಾಡಿ ನೋಡೂಣು. ಬಿಡಬ್ಯಾಡ್ರಿ.

ಮನಿಗೆ ಬಂದು ಪ್ಯಾಂಟು ಬಿಚ್ಚಿದೆ.
ಕೈ ರೂಢಿ, ಒಳಮಗ್ಗಲು ಮಾಡಿದೆ.
ಹಿಂದಿನ ಹೊಲಿಗಿ ನಂದಲ್ಲ.
ಎಡಕ್ಕ ವಾಲಿದ ಟಾಕಿ, ನೀಲವ್ವಂದು.
ಅದರ ಬಾಜೂಕ ಸೂಜಿಯ ತೂತಿನ ಸಾಲು,
ಅದರಾಚಿ ಇನ್ನೊಂದು, ಅದರಾಚಿ ಮತ್ತೊಂದು.
ನಾ ಮಲಗಿದ ಮ್ಯಾಲ ಬಿಚ್ಚಿ, ಬಿಟ್ಟು, ಹೊಲದಾಳ,
ಬೆಳಗಾದರ ಪ್ಯಾಂಟು ನನಗ ಬರ್ತಿತ್ತು.
ಹಿಂದೊಮ್ಮೆ ಗುಂಡಿ ಹತ್ತವಲ್ಲದು ಅಂತ
ಗುಳಿಗಿ ಎಲ್ಲಾ ಗಟಾರಕ್ಕ ಚೆಲ್ಲಿದ್ದೆ.
ಅದನ್ನಾಕಿ ಮರತಿಲ್ಲ.
ಬೆರಳಿಲೆ ಸವರಿ ನೋಡಿದೆ:
ಒಳಗ ಬಿಟ್ಟ ಅರಿವಿ ಮುಗದದ.

ಏನೂ ಕೇಳಲಿಲ್ಲ ಆಕೀನ್ನ.
ಸಂಜಿಕ ಪೆಟಗಿ ಬೂದಿ ಕೊಡವಿ, ಅಂಗಡಿ ಲಗೂ ಮುಚ್ಚಿ,
ದಂಡಿತನಕ ಅಡ್ಡಾಡಿ ಬರೋಣು ನಡಿ, ಅಂದೆ.
ರೊಟ್ಟಿ ಬಡಿಯೂ ಕೈ ನಿಂತವು.
ನನ್ನ ಕಣ್ಣಾಗ ಹಣಿಕಿ ನೋಡಿದಳು,
ನಲವತ್ತೊಂದು ಜಂಪರಿನ ಹುರುಪೋ, ಬ್ಯಾರೆದ್ದೋ ಅಂತ.
ಹೋಗಿ ಬರೂದು ಅಷ್ಟ ಹೌದಲ್ಲೋ?
ಅಷ್ಟ.
ಹಿಟ್ಟಿನ ಕೈ ಒರಸಿಕೊಂಡು
ಚಪ್ಪಲಿ ಹುಡಕಾಕ ಹೋದಳು.