ಗಂಟೆಯ ನಾಲಿಗೆ

ಮೂವತ್ತೊಂದರ ಚಳಿಗಾಲ, ಒನೇಗಾ ಸರೋವರದ ದಂಡೆ.
ಹಗ್ಗ ಹಿಡಿದು ಗೋಪುರ ಹತ್ತಿದವರು
ನಮ್ಮೂರ ಹುಡುಗರೇ. ಯಾರೆಂದು ಅಜ್ಜಿ ಎಂದೂ ಹೆಸರಿಸಲಿಲ್ಲ,
ಕೊನೆಯವರೆಗೂ ಅವರಿಗೆ ಹಾಲು ಅಳೆದುಕೊಟ್ಟಳು.

ಗಂಟೆ ಬಿತ್ತು. ಹಿಮ ಅದನ್ನು ಸದ್ದಿಲ್ಲದೆ ನುಂಗಿತು.
ಕಂಚಿಗೆ ಲೆಕ್ಕವಿತ್ತು, ರಸೀದಿಯಿತ್ತು, ಜಾರುಬಂಡಿಯಿತ್ತು.
ನಾಲಿಗೆ ಬರೀ ಕಬ್ಬಿಣ, ಯಾರೂ ಕೇಳಲಿಲ್ಲ.
ಅಜ್ಜಿ ಗ್ಲಾಫೀರಾ ಅದನ್ನು ಕೂಸಿನಂತೆ ಶಾಲಿನಲ್ಲಿ ಸುತ್ತಿ ತಂದು
ಎಲೆಕೋಸು ಹುಳಿಹಾಕುವ ಪೀಪಾಯಿಯಲ್ಲಿ
ಹಲಗೆಯ ಮೇಲೆ ಹೇರಿಟ್ಟಳು.

ಇಗರ್ಜಿಯಲ್ಲಿ ಮೊದಲು ಧಾನ್ಯ, ಆಮೇಲೆ ಟ್ರ್ಯಾಕ್ಟರಿನ ಬಿಡಿಭಾಗ,
ಶನಿವಾರ ಸಿನಿಮಾ. ಬಲಿಪೀಠವಿದ್ದಲ್ಲಿ ಪರದೆ.
ಸಿನಿಮಾಕ್ಕೂ ಅಜ್ಜಿ ತಲೆಗೆ ವಸ್ತ್ರ ಕಟ್ಟಿಕೊಂಡೇ ಹೋದಳು.
ಹಿಟ್ಟು ನಾದುವ ಬೋಗುಣಿಯಲ್ಲಿ
ನನಗೆ ಜ್ಞಾನಸ್ನಾನವಾಗಿತ್ತಂತೆ, ಚಿಲಕ ಹಾಕಿ;
ಅವಳು ಸಾಯುವ ವರ್ಷ ತಿಳಿಯಿತು.

ತೊಂಬತ್ತೆರಡರಲ್ಲಿ ಹೊಸ ಗಂಟೆ ಬಂತು,
ಮರದ ವ್ಯಾಪಾರಿಯೊಬ್ಬನ ದಾನ,
ಮೈಮೇಲೆ ಅವನದೇ ಹೆಸರು.
ನಾನು ನಾಲಿಗೆ ಹೊತ್ತು ಹೋದೆ.
ಪಾದ್ರಿ ಯೆರ್ಮೊಲಾಯ್ ಎತ್ತಿ ನೋಡಿದ,
ದಾರ ಹಿಡಿದು ಅಳೆದ, ಮುಜುಗರದಿಂದ ನಕ್ಕ:
‘ಇದು ಬಡಿದರೆ ಅದು ಸೀಳಿಹೋಗುತ್ತದಮ್ಮ.’
ಉಪ್ಪಿನ ವಾಸನೆ ಅವನ ಕೈಗೂ ಹತ್ತಿತ್ತು.

ಭಾನುವಾರ ಹೊಸ ಗಂಟೆ ಕರೆಯುತ್ತದೆ.
ತೆಳು ದನಿ. ಹೋಗುತ್ತೇನೆ.
ಸೆಪ್ಟೆಂಬರಿನಲ್ಲಿ ಕೋಸು ಹೆಚ್ಚಿ, ಉಪ್ಪು ತಿಕ್ಕಿ,
ಹಲಗೆಯ ಮೇಲೆ ಅದನ್ನೇ ಇಡುತ್ತೇನೆ.
ಪೀಪಾಯಿ ಹುಳಿಯೇಳುವ ರಾತ್ರಿ
ಅದರಡಿಯಿಂದ ಗುಳುಗುಳು ಸದ್ದು.
ಎದ್ದು ಕೂತು ಕೇಳುತ್ತೇನೆ.
ಕೋಸಿನದೇ ಅದು, ಗೊತ್ತು.