ಹನ್ನೊಂದನೇ ಸಾಲು

ತಾತ ದನ ಕಾಯುತ್ತಿದ್ದ, ಅವನ ಹೆಸರೇ ನನಗೆ.
ಆವು ಅಂದರೆ ಹಸು, ಗಡಿಯಾಚೆಯ ಮಾತಲ್ಲಿ;
ಗಡಿಯೀಚೆ ನಮ್ಮ ಮನೆಯಲ್ಲೂ.
ಐವತ್ತೆರಡು ವರ್ಷ ಆ ಹೆಸರನ್ನು
ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೂಗಿದ್ದೆಲ್ಲ
ಕ್ರೇಟು ಎತ್ತು ಎನ್ನುವುದಕ್ಕೆ, ತೂಕಕ್ಕಿಡು ಎನ್ನುವುದಕ್ಕೆ.

ಮಾರ್ಚಿ ತಿಂಗಳು. ಬಿಳಿ ಕಾರು.
"ಒಳ್ಳೇ ಹೆಸರು ಕಣಣ್ಣ ನಿಂದು" ಅಂದ, ಇಳಿದವನು.
ಯಾರೂ ಹಾಗೆ ಅಂದಿರಲಿಲ್ಲ.
ಎದುರು ಪಕ್ಷದ ಮಾಜಿಯ ಹೆಸರೂ ಆವಲಪ್ಪ.
ಅವರದು ಎಂ, ನನ್ನದು ಎನ್,
ಅವಸರದ ಕಣ್ಣಿಗೆ ಎರಡೂ ಒಂದೇ.

ಹತ್ತು ಜನ ಸೂಚಕರು ಸಹಿ ಹಾಕಿದರು,
ಆರು ಜನರ ಮುಖ ನಾನಿನ್ನೂ ನೋಡಿಲ್ಲ.
ಠೇವಣಿ ಅವರೇ ಕಟ್ಟಿದರು, ಬಿಳಿ ಷರ್ಟು ಅವರೇ ಹೊಲಿಸಿದರು.
ಮಾಜಿಯವರ ಹಾಗೆ ಮೀಸೆ ಬಿಡು ಎಂದರು,
ಮೂರು ವಾರಕ್ಕೆ ಎಷ್ಟು ಬರುತ್ತೋ ಅಷ್ಟು ಬಂತು.

ವಕೀಲರು ಕೇಳುತ್ತ ಹೋದರು:
ಸ್ಥಿರಾಸ್ತಿ? ಚರಾಸ್ತಿ? ಹೆಂಡತಿ ಹೆಸರಲ್ಲಿ?
ಸೈಜುಗಲ್ಲಿನ ಮನೆ, ಮೂರು ಚದರ. ಒಂದು ಎಕ್ಸೆಲ್ ಗಾಡಿ.
ಓಲೆ ಒಂದು ಜೊತೆ, ಗಿರವಿಯಲ್ಲಿ.
"ಇರಲಿ, ಬರೆಯೋಣ."
ನಾನಿರುವುದು ಇಷ್ಟು ಎಂದು ಯಾರಾದರೂ
ಛಾಪಾಕಾಗದದ ಮೇಲೆ ಬರೆದದ್ದು ಅದೇ ಮೊದಲು.

ನಾಮಪತ್ರ ಹಿಂತೆಗೆಯುವ ಕೊನೇ ದಿನದವರೆಗೆ
ಹಿಂದೂಪುರದ ಲಾಡ್ಜಿನಲ್ಲಿಟ್ಟರು, ಫೋನು ಕಿತ್ತುಕೊಂಡು.
ಎರಡು ಹೊತ್ತೂ ಬಿರಿಯಾನಿ. ಒಂದೇ ಕಿಟಕಿ,
ಅದರಾಚೆ ಇನ್ನೊಂದು ಲಾಡ್ಜಿನ ಗೋಡೆ.
ವಾಪಸು ಬಂದಾಗ ಚಿಹ್ನೆ ಸಿಕ್ಕಿತ್ತು: ಕಿಟಕಿ.
ನಗು ಬಂತು. ಯಾಕಣ್ಣ, ಎಂದ ಕಾರಿನವನು.
ಹೇಳಲಿಲ್ಲ.

ಬಾಯಿ ಬಿಡದಿರುವುದೇ ನಿನ್ನ ಪ್ರಚಾರ ಎಂದಿದ್ದರು.
ಆದರೂ ಒಂದು ಸಂಜೆ ದಿಬ್ಬೂರಹಳ್ಳಿ ಬಸ್ಸಿನಲ್ಲಿ
ಸೀಟಿನಲ್ಲಿದ್ದವನಿಗೆ ಹೇಳಿಯೇ ಬಿಟ್ಟೆ:
"ನಾನು ನಿಂತಿದೀನಿ."
ಅವನು ಸರಿದು ಜಾಗ ಕೊಟ್ಟ.

ಓಟಿನ ದಿನ ಹೆಂಡತಿ, ಯಾರಿಗೆ ಒತ್ತಲಿ ಎಂದಳು.
ನಿನ್ನಿಷ್ಟ ಎಂದೆ.
"ಹೆಸರಿಗೆ ದುಡ್ಡು ಬಂತಲ್ಲ, ಇನ್ನು ಓಟೂ ಬೇಕಾ?"
ಬಿಡಿಸಿ ತಂದ ಓಲೆಯ ತಿರುಪು ಬಿಗಿಯುತ್ತಿದ್ದಳು.
ಯಂತ್ರದ ಮುಂದೆ ಬಹಳ ಹೊತ್ತು ನಿಂತೆ.
ಮೂರನೇ ಸಾಲಲ್ಲಿ ಅವರು, ಹನ್ನೊಂದರಲ್ಲಿ ನಾನು,
ಎರಡು ಫೋಟೊ, ಒಂದೂವರೆ ಮೀಸೆ.
ಒತ್ತಿದೆ. ಪಕ್ಕದ ಡಬ್ಬಿಯ ಗಾಜಿನ ಹಿಂದೆ
ಏಳು ಸೆಕೆಂಡು ಒಂದು ಕಿಟಕಿ ಕಾಣಿಸಿ
ಕತ್ತರಿಸಿಕೊಂಡು ಬಿತ್ತು.

ಸಾವಿರದ ನಾನೂರ ಎಂಬತ್ತಾರು.
ಮಾಜಿ ಸೋತದ್ದು ಒಂಬೈನೂರ ಹನ್ನೊಂದರಲ್ಲಿ.
ಮಾರುಕಟ್ಟೆಯಲ್ಲಿ ಕೆಲವರು ಉಗಿದರು, ಕೆಲವರು ಟೀ ಕೊಡಿಸಿದರು.
ಅಷ್ಟೂ ಕೈತಪ್ಪು ಎಂದರು ಟೀವಿಯಲ್ಲಿ.
ಇರಬಹುದು. ಆದರೆ ನಮ್ಮ ಬೂತಿನಲ್ಲೇ ಒಂಬತ್ತು.
ಅಲ್ಲಿ ಎಲ್ಲರಿಗೂ ಇಬ್ಬರೂ ಗೊತ್ತು.
ನಮ್ಮ ಮನೆಯವು ಎರಡು, ಅದೂ ಅವಳು ಒತ್ತಿದ್ದರೆ.
ಮಿಕ್ಕ ಏಳನ್ನು ರಾತ್ರಿ ಬೀದಿಯ ಬಾಗಿಲು ಬಾಗಿಲಿಗೆ
ಹಂಚುತ್ತ ಮಲಗುತ್ತೇನೆ,
ಲೆಕ್ಕ ಕೂಡುವುದಿಲ್ಲ.

ಹೋದ ವಾರ ನೂಲು ಬಿಚ್ಚುವ ಶಂಷಾದ್‌ಬಿ
ಬಿಸಿನೀರಲ್ಲಿ ಬೆಂದ ಬೆರಳಿಂದ ಅರ್ಜಿ ಹಿಡಿದು ಬಂದಳು,
ವಿಧವಾ ವೇತನ ನಿಂತು ಎಂಟು ತಿಂಗಳು.
"ನಿಮಗೇ ಹಾಕಿದ್ದು" ಎಂದಳು.
ಯಾವ ನಮಗೆ, ಅಂತ ಕೇಳಲಿಲ್ಲ.
ತಾಲ್ಲೂಕು ಕಚೇರಿಗೆ ಎರಡು ಸಲ ಹೋದೆ,
ಮೂರನೇ ಸಲ ಒಳಗೆ ಬಿಟ್ಟರು.
ಗುಮಾಸ್ತ ಚೀಟಿ ನೋಡಿ, ಯಾವ ಆವಲಪ್ಪ ಎಂದ.
ಸೋತ ಆವಲಪ್ಪ, ಎಂದೆ.
ಅವನು ಒಂದು ಗಳಿಗೆ ಯೋಚಿಸಿ
ಕುರ್ಚಿ ತೋರಿಸಿದ.