ಕಡಲಿಲ್ಲದ ಊರಿನ ಬೀಜ

"ಸಮುದ್ರವೇ ಇಲ್ಲದ ದೇಶವಾ?
ಹಾಗಾದ್ರೆ ಮೀನಿಗೆ ಎಂಥ ಮಾಡ್ತಾರೆ?"
ಗುಲಾಬಿಯಕ್ಕ ಕೇಳಿದ್ದು ಇಷ್ಟೇ,
ಗೋಣಿಯ ಮೇಲಿನ ಹಸಿರು ಅಕ್ಷರ ನಾನು ಓದಿ ಹೇಳಿದಾಗ.
ಬುರ್ಕಿನಾ ಫಾಸೊ. ಎಂಬತ್ತು ಕಿಲೊ. ಕೊಕ್ಕೆ ಹಾಕಬಾರದು.

ಕೊಕ್ಕೆ ಹಾಕಿದ್ದರು, ಪಣಂಬೂರಿನಲ್ಲೋ ಅಬಿಜಾನಿನಲ್ಲೋ.
ತೂತಿನಿಂದ ಮೊದಲು ಸುರಿದದ್ದು ಬೀಜವಲ್ಲ, ಮಣ್ಣು.
ಕುಪ್ಪೆಪದವಿನ ಕಲ್ಲುಕೋರೆಯ ಕೆಂಪು,
ತಿಕ್ಕಿದಷ್ಟೂ ಅಂಗೈಗೆರೆಯಲ್ಲಿ ಕೂರುವ ಮುರಕಲ್ಲಿನ ಪುಡಿ.
"ಇದು ನಮ್ಮದೇ ಮಣ್ಣು, ತೂಕಕ್ಕೆ ಯಾರೋ ಸೇರಿಸಿದ್ದು"
ಅಂದಳು ಅಪೊಲಿನ್ ಬಾಯಿ.
ನಾನು ಅಲ್ಲ ಅನ್ನಲಿಲ್ಲ.

ಬೈಕಂಪಾಡಿಯ ಈ ಗೋದಾಮಿನಲ್ಲಿ ನನ್ನದು ಟೆಸ್ಟಿನ ಕೆಲಸ.
ರಾಶಿಯಿಂದ ಒಂದು ಕಿಲೊ, ಎಣಿಸಿದರೆ ಇನ್ನೂರ ಮೂರು,
ಒಂದೊಂದನ್ನೂ ಸೀಳಿ ಹೊಟ್ಟೆ ನೋಡುವುದು:
ಬಿಳಿ, ಚುಕ್ಕೆ, ಹುಳ, ಬರೀ ಗಾಳಿ.
ಬಿಳಿಯದನ್ನು ತೂಗಿ, ಚುಕ್ಕೆಯದನ್ನು ಅರ್ಧ ಲೆಕ್ಕ ಹಿಡಿದು
ಒಂದು ದೇಶದ ಬೇಸಗೆಯನ್ನು ಪೌಂಡಿನಲ್ಲಿ ಬರೆಯುವುದು.
ನಲವತ್ತೇಳು ಬಂದರೆ ಧಣಿಯ ಚಹಾ ಸಿಹಿ.
ನಲವತ್ತಮೂರಾದರೆ ಅಬಿಜಾನಿನ ಅಳಿಯನಿಗೆ ಫೋನು,
ಬೈಗುಳ ಪೂರಾ ತುಳುವಿನಲ್ಲಿ.

ಇನ್ನೂರ ನಾಲ್ಕನೆಯದು ಬೀಜವಲ್ಲ.
ಬೀಜದಷ್ಟೇ ಮಡಚಿದ ಕಾಗದ, ಸಿಗರೇಟು ಪ್ಯಾಕಿನ ಒಳಹಾಳೆ,
ನೀಲಿ ಶಾಯಿಯಲ್ಲಿ ಯಾಕುಬಾ ಹೇಮಾ, ಬನ್‌ಫೋರಾ,
ಎರಡು ಎರಡು ಆರರಿಂದ ಶುರುವಾಗುವ ನಂಬರು.
"ಹೇಮ! ಗಂಡಸಿಗೆ!"
ಹೆಂಗಸರ ಸಾಲಿಗೆ ಸಾಲೇ ನಕ್ಕಿತು,
ಕಾಲಲ್ಲಿ ಮೆಶಿನು ಒತ್ತುವುದನ್ನು ಮಾತ್ರ ಬಿಡದೆ.

ರಾತ್ರಿ ಕೂಳೂರಿನ ಬಾಡಿಗೆ ಕೋಣೆಯಲ್ಲಿ ನಕ್ಷೆ ತೆರೆದೆ.
ಸುತ್ತ ಆರು ದೇಶ. ಮದುವೆಯ ಗ್ರೂಪ್ ಫೋಟೋದಲ್ಲಿ
ನಡುವೆ ಸಿಕ್ಕಿಬಿದ್ದ ಕುಳ್ಳನ ಹಾಗೆ ಇದು.
ಕೊಮೊಯೆ ಎಂಬ ಹೊಳೆ ಅವರ ಬಂಡೆಗಳ ನಡುವೆ ಹುಟ್ಟಿ
ಗಡಿ ದಾಟಿ, ಬೇರೆಯವರ ಊರಲ್ಲಿ ಕಡಲು ಸೇರುತ್ತದೆ.
ರೈಲಿಗೂ ಅದೇ ದಿಕ್ಕು.
ಕೊಕೊ ತೋಟದ ಕೂಲಿಗೆ ಹೋಗುವ ಗಂಡಸರಿಗೂ.
ಹತ್ತಿಯೋ ಎಳ್ಳೋ ಬೀಜವೋ, ಏನೇ ಬೆಳೆದರೂ
ಇನ್ನೊಬ್ಬರ ಅಂಗಳ ತುಳಿದೇ ಹಡಗು ಹತ್ತಬೇಕು.
(ನಮ್ಮಲ್ಲಿ ಹಡಗು ಉಂಟು. ಆದರೂ ನನ್ನಣ್ಣ ಜುಬೈಲಿನಲ್ಲಿ.)

'ನಿಮ್ಮ ಬೀಜ ಮಂಗಳೂರಿಗೆ ಮುಟ್ಟಿತು.'
ಯಂತ್ರದ ಫ್ರೆಂಚಿನಲ್ಲಿ ಕಳಿಸಿದೆ. ಮೂರು ದಿನ ಒಂದೇ ಟಿಕ್ಕು.
ನಾಲ್ಕನೆಯ ದಿನ ಒಂದು ಧ್ವನಿ. ಹಿಂದೆ ಕೋಳಿ, ಮೋಟಾರುಬೈಕು,
ಯಾರೋ ಮಗುವನ್ನು ಗದರುವುದು.
ಗದರಿದ್ದಕ್ಕೆ ಅನುವಾದ ಬೇಕಾಗಲಿಲ್ಲ.
ಉಳಿದದ್ದನ್ನು ಯಂತ್ರ ಕನ್ನಡಕ್ಕೆ ತಂದುಕೊಟ್ಟಿತು:
'ದೇವರ ದಯೆ. ಅಲ್ಲಿ ಕಿಲೊಗೆ ಎಷ್ಟು?'

ಎಷ್ಟು.
ತಿರುಳಿನದು ನನಗೆ ಗೊತ್ತುಂಟು,
ಡಬ್ಬಿಯ ಮೇಲೆ ಚಿನ್ನದ ಬಣ್ಣದಲ್ಲಿ ನಾವೇ ಒತ್ತುತ್ತೇವೆ.
ಅವನ ಕೈಗೆ ಬಂದದ್ದೂ ಹೆಚ್ಚುಕಡಿಮೆ ಗೊತ್ತುಂಟು,
ಅಳಿಯ ಬರೆದ ಚೀಟಿ ನನ್ನ ಫೈಲಿನಲ್ಲೇ ಇದೆ.
ಗುಲಾಬಿಯಕ್ಕನ ವಾರದ ಬಟವಾಡೆಯೂ ಗೊತ್ತು.
ಬೀಜದ ಎಣ್ಣೆ ಸುಟ್ಟು ಅವಳ ಹೆಬ್ಬೆರಳಿನ ಗೆರೆ ಅಳಿಸಿಹೋಗಿ
ರೇಷನ್ ಅಂಗಡಿಯ ಯಂತ್ರ ಅವಳನ್ನು ಅವಳಲ್ಲ ಅನ್ನುತ್ತದೆ.
ಮೂರು ಅಂಕಿ ಒಂದರ ಕೆಳಗೊಂದು ಬರೆದು ನೋಡಿದೆ.
ಕೂಡಲಿಕ್ಕೂ ಆಗಲಿಲ್ಲ, ಕಳೆಯಲಿಕ್ಕೂ.

ಭಾನುವಾರ ತಣ್ಣೀರುಬಾವಿಗೆ ಹೋಗಿ ಒಂದು ಫೋಟೊ ತೆಗೆದೆ.
ಆಟಿ ತಿಂಗಳ ಮಸುಕು ಕಡಲು, ಬೂದಿ ಬಣ್ಣದ ತೆರೆ,
ದೂರದಲ್ಲಿ ಒಳಗೆ ಬರಲಿಕ್ಕೆ ಸರದಿ ಕಾಯುವ ಹಡಗು.
ಕಳಿಸಿದೆ.
ಈ ಸಲ ಕೂಡಲೇ ಎರಡು ಟಿಕ್ಕು, ನೀಲಿ.
'ಚಂದ' ಅಂದ ಹೇಮ. 'ತುಂಬಾ ನೀರು.
ಕಿಲೊಗೆ ಎಷ್ಟು?'

ಸೋಮವಾರ ಹೊಸ ಗೋಣಿ ಬಿಚ್ಚುವಾಗ ಗುಲಾಬಿಯಕ್ಕನಿಗೆ ಹೇಳಿದೆ,
ಅವರೂ ಮೀನು ತಿನ್ನುತ್ತಾರಂತೆ. ಹೊಳೆಯದ್ದು. ಹೊಗೆಯಲ್ಲಿ ಒಣಗಿಸಿದ್ದು.
"ಹಾಗೆ ಹೇಳು ಮತ್ತೆ" ಅಂದಳು,
ಒಂದು ವಾರದ ಚಿಂತೆ ಇಳಿದವಳ ಹಾಗೆ,
ಮುಂದಿನ ಬೀಜಕ್ಕೆ ಕೈ ಹಾಕಿದಳು.